ಸಾಂಗಲಿಯಲ್ಲಿ ಒಂದು ವಾರ ಉಳಿಯುವವರಿಗೆ

ನಮ್ಮ ಸೋನ್ಯಾಳ, ಮಾಡಗ್ಯಾಳ, ಸಂಖ, ಉಮದಿ ಕಡೆಯ ವ್ಯಾಪಾರಿ ಮನೆತನಗಳಿಗೆ ಸಾಂಗಲಿ ಹೊಸ ಊರೇನಲ್ಲ. ಜಿಲ್ಲೆಯ ಕಚೇರಿ ಅಲ್ಲಿದೆ, ಅಡತಿ ಅಂಗಡಿಗಳು ಅಲ್ಲಿವೆ, ದವಾಖಾನೆಗಾಗಿ ಪಕ್ಕದ ಮಿರಜಕ್ಕೆ ಹೋಗಲೇಬೇಕು. ಆದರೆ ಸಾಂಗಲಿಯನ್ನು ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸ್ವಲ್ಪ ತಡವರಿಸುತ್ತೇವೆ. ಬಸ್ ಸ್ಟ್ಯಾಂಡು, ಗಣಪತಿ ಪೇಟೆಯ ಎರಡು ಅಂಗಡಿ, ಮತ್ತೆ ಬಸ್ ಸ್ಟ್ಯಾಂಡು. ಇದಿಷ್ಟೇ ನಮ್ಮ ಸಾಂಗಲಿ.

ನಮ್ಮ ತಂದೆಯವರು ಸೋನ್ಯಾಳದಲ್ಲಿ ಕಿರಾಣಿ ಅಂಗಡಿ ನಡೆಸುತ್ತ ನಲವತ್ತು ವರ್ಷ ಸಾಂಗಲಿಗೆ ಹೋಗಿ ಬಂದವರು. ಒಂದು ರಾತ್ರಿಯೂ ಅಲ್ಲಿ ಉಳಿದವರಲ್ಲ. ಹೋದ ಬೇಸಿಗೆಯಲ್ಲಿ ಅವರ ಬಲಗಣ್ಣಿನ ಪೊರೆ ತೆಗೆಸಲು ಮಿರಜಕ್ಕೆ ಹೋಗಬೇಕಾಯಿತು. ಶಸ್ತ್ರಕ್ರಿಯೆ ಅರ್ಧ ಗಂಟೆಯಲ್ಲೇ ಮುಗಿಯಿತು, ಮರುದಿನ ಪಟ್ಟಿಯನ್ನೂ ಬಿಚ್ಚಿದರು. ಆದರೆ ಎಂಟನೆಯ ದಿನ ಮತ್ತೆ ತೋರಿಸಬೇಕು, ಅಲ್ಲಿಯವರೆಗೆ ಧೂಳು ಹೊಗೆ ತಾಗಬಾರದು, ಕಣ್ಣಿಗೆ ನೀರು ಬೀಳಬಾರದು, ಭಾರ ಎತ್ತಬಾರದು, ದಿನಕ್ಕೆ ಇಷ್ಟು ಸಲ ಔಷಧಿಯ ಹನಿ ಹಾಕಬೇಕು ಎಂದು ಡಾಕ್ಟರರು ತಾಕೀತು ಮಾಡಿದರು. ಕರಿ ಕನ್ನಡಕ ಹಾಕಿಕೊಂಡು ಜತ್ತದ ಬಸ್ಸಿನಲ್ಲಿ ಧೂಳು ತಿನ್ನುತ್ತ ಎರಡು ಸಲ ಓಡಾಡುವದಕ್ಕಿಂತ ಸಾಂಗಲಿಯ ವಖಾರ ಭಾಗದಲ್ಲಿ ಪರಿಚಯದವರ ಒಂದು ಕೋಣೆಯಲ್ಲಿ ವಾರ ಕಳೆಯುವದೇ ಲೇಸೆಂದು ನಿಶ್ಚಯಿಸಿದೆವು.

ಜೊತೆಗೆ ನನ್ನ ಮಗನೂ ಇದ್ದ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಪರೀಕ್ಷೆ ಮುಗಿಸಿ ಫಲಿತಾಂಶದ ದಾರಿ ಕಾಯುತ್ತಿದ್ದ. ಮುಂದೆ ಅವನನ್ನು ಎಲ್ಲಿ ಹಾಕುವದು ಎಂಬುದು ಆರು ತಿಂಗಳಿಂದ ನಮ್ಮ ಮನೆಯಲ್ಲಿ ಬಗೆಹರಿಯದ ಮಾತು. ಗಡಿಭಾಗದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತರವರೆಗೆ ಕನ್ನಡದಲ್ಲಿ ಕಲಿತ ಹುಡುಗನಿಗೆ ಹನ್ನೊಂದರಲ್ಲಿ ಒಮ್ಮೆಲೇ ಮರಾಠಿ ಇಲ್ಲವೆ ಇಂಗ್ಲಿಷ್ ಎದುರಾಗುತ್ತದೆ. ವಿಜಯಪುರಕ್ಕೆ ಕಳಿಸೋಣ, ಅಲ್ಲಿ ನಮ್ಮ ಭಾಷೆ ಇದೆ ಎಂದು ತಂದೆಯವರು. ನಾಳೆ ಕಚೇರಿ, ಬ್ಯಾಂಕು, ಪೇಟೆ ಎಲ್ಲವೂ ಮರಾಠಿಯಲ್ಲೇ, ಸಾಂಗಲಿಯಲ್ಲೇ ಕಲಿಯಲಿ ಎಂದು ನಾನು. ಹುಡುಗ ಏನೂ ಹೇಳುತ್ತಿರಲಿಲ್ಲ. ಹೀಗೆ ಮೂವರೂ ಒಂದೇ ಕೋಣೆಯಲ್ಲಿ ಏಳು ದಿನ. ನಾವು ಆ ದಿನಗಳಲ್ಲಿ ಕಂಡದ್ದನ್ನು, ಈ ಬೇಸಿಗೆಯಲ್ಲಿ ದವಾಖಾನೆ, ಪೇಟೆ ಅಥವಾ ಪ್ರವೇಶದ ಕೆಲಸಕ್ಕೆ ಹೋಗುವ ಕುಟುಂಬಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಊಟದ ಮಾತು. ಬೇಸಿಗೆಯಲ್ಲಿ ಸೂರ್ಯಾಸ್ತ ಏಳರ ಹತ್ತಿರಕ್ಕೆ ಹೋಗುತ್ತದೆ. ಆರು ಗಂಟೆಗೆ ಊಟ ಮುಗಿಸಿ ತಿರುಗಾಡಲು ಹೊರಟರೆ ಬಿಸಿಲೂ ಇಳಿದಿರುತ್ತದೆ, ಹೊಟ್ಟೆಯ ಚಿಂತೆಯೂ ಇರುವದಿಲ್ಲ. ನಡುಹಗಲು ಕೋಣೆ ಬಿಟ್ಟು ಹೊರಬೀಳಬೇಡಿರಿ. ಸಾಂಗಲಿಯ ಭಡಂಗ ಪ್ರಸಿದ್ಧವಾದದ್ದು, ಮಕ್ಕಳು ಕೇಳದೇ ಬಿಡುವದಿಲ್ಲ. ಆದರೆ ಅದರಲ್ಲಿ ಸಾಮಾನ್ಯವಾಗಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ ಇಲ್ಲದ್ದೆಂದು ಕೇಳಿ ಕೊಂಡುಕೊಳ್ಳಿರಿ.

ಮೊದಲ ದಿನ ಬೆಳಿಗ್ಗೆ ಗಣಪತಿ ಪೇಟೆಗೆ ಹೋದೆವು. ಸಾಮಾನು ಕೊಳ್ಳಲು ಅಲ್ಲ, ನೋಡಲು. ಇದೇ ಒಂದು ಬೇರೆ ಅನುಭವ. ಕೊಳ್ಳುವ ಗಡಿಬಿಡಿ ಇಲ್ಲದಾಗ ಪೇಟೆ ಬೇರೆಯೇ ಕಾಣುತ್ತದೆ. ಅಂಗಡಿಗಳು ಕದ ತೆಗೆಯುವ ಹೊತ್ತು, ಕಟ್ಟೆಗೆ ನೀರು ಚಿಮುಕಿಸುವವರು, ಕೈಗಾಡಿಯಿಂದ ಚೀಲ ಇಳಿಸುವ ಹಮಾಲರು. ತಂದೆಯವರು ಮೊಮ್ಮಗನ ಕೈಯಲ್ಲಿ ಒಂದು ಸಣ್ಣ ವಹಿ ಕೊಟ್ಟು, ಹತ್ತು ಜಿನಸುಗಳ ಸಗಟು ಭಾವ ಬರೆದುಕೊಂಡು ಬಾ ಎಂದರು. ಬರೆದು ತಂದಾಗ, "ಇಷ್ಟಕ್ಕ ಮುಗೀಲಿಲ್ಲ. ಹಮಾಲಿ ಎಷ್ಟು, ಟೆಂಪೋ ಬಾಡಿಗಿ ಎಷ್ಟು, ಚೀಲ ಒಡದು ಸೋರಿದ್ದು ಎಷ್ಟು, ಉದ್ರಿ ಹೋದದ್ದು ಎಷ್ಟು? ಅದನ್ನೆಲ್ಲಾ ಕೂಡಿಸಿ ಸೋನ್ಯಾಳದಾಗ ಕಿಲೋಕ್ಕ ಏನ ಬೀಳತೈತಿ ಹೇಳು" ಎಂದರು. ಹುಡುಗ ಅರ್ಧ ತಾಸು ಲೆಕ್ಕ ಹಾಕಿದ. ಎರಡು ಜಿನಸುಗಳಲ್ಲಿ ನಮಗೆ ಲಾಭವೇ ಉಳಿಯುವದಿಲ್ಲವೆಂದು ಹೊರಬಿತ್ತು. ಅಜ್ಜ ಸುಮ್ಮನಾದರು. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಪೇಟೆಯ ಹಿರಿಯ ಅಂಗಡಿಕಾರರನ್ನು ಮಾತಿಗೆಳೆದರೆ 2019ರ ಆಗಸ್ಟ್ ತಿಂಗಳ ಮಹಾಪೂರದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಅದನ್ನು ಮಕ್ಕಳಿಗೆ ತೋರಿಸಿರಿ. ವ್ಯಾಪಾರದಲ್ಲಿ ಲಾಭ ನಷ್ಟ ಬರೀ ವಹಿಯಲ್ಲಿ ಇರುವದಿಲ್ಲ.

ಪೇಟೆಯ ತುದಿಗೆ ಗಣಪತಿ ಮಂದಿರ. ಸಾಂಗಲಿ ಸಂಸ್ಥಾನದ ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕಟ್ಟಿಸಿದ್ದು. 1801ರಲ್ಲಿ ಮಿರಜದಿಂದ ಬೇರೆಯಾಗಿ ಸಾಂಗಲಿಯನ್ನು ರಾಜಧಾನಿ ಮಾಡಿಕೊಂಡವರೂ ಅವರೇ. ಈ ಹೆಸರನ್ನು ನೆನಪಿನಲ್ಲಿಡಿರಿ, ಮುಂದೆ ಮತ್ತೆ ಬರುತ್ತದೆ.

ಮರುದಿನ ವಸಂತದಾದಾ ಮಾರ್ಕೆಟ್ ಯಾರ್ಡಿಗೆ ಹೊರಟಾಗ ಒಂದು ತಂಟೆ ಎದ್ದಿತು. ಫೆಬ್ರುವರಿಯಿಂದ ಮೇವರೆಗೆ ಅಲ್ಲಿ ಅರಿಷಿಣದ ಸುಗ್ಗಿ. ಅರಿಷಿಣವೆಂದರೆ ಹಳದಿ ಧೂಳು. ಡಾಕ್ಟರರು ಬೇಡವೆಂದದ್ದೇ ಧೂಳು. ತಂದೆಯವರು ಕೇಳಬೇಕಲ್ಲ! ಕೊನೆಗೆ ಅವರನ್ನು ಯಾರ್ಡಿನ ಹೊರಗೆ ದೂರ ಒಂದು ಮರದ ನೆರಳಲ್ಲಿ ರಿಕ್ಷಾದಲ್ಲಿ ಕೂಡ್ರಿಸಿ ನಾನೂ ಮಗನೂ ಒಳಗೆ ಹೋದೆವು. ಹೋಗುವಾಗ ಅವರು, "ನಾಲ್ಕು ಕಡಿಯಿಂದ ನಾಲ್ಕು ಕೊಂಬು ಕೇಳಿ ತೊಗೊಂಡು ಬರ್ರಿ, ಭಾವಾನೂ ಬರಕೊಂಡು ಬರ್ರಿ" ಎಂದಿದ್ದರು.

ಸಾಂಗಲಿ ದೇಶದ ದೊಡ್ಡ ಅರಿಷಿಣ ಪೇಟೆಗಳಲ್ಲೊಂದು. ಸುತ್ತಲಿನ ಬೆಳೆಯಷ್ಟೇ ಅಲ್ಲ, ನಮ್ಮ ಕರ್ನಾಟಕದ ಮಾಲೂ ತೆಲಂಗಾಣದ ಮಾಲೂ ಇಲ್ಲಿಗೆ ಬರುತ್ತದೆ. ಇಲ್ಲಿಯ ರಾಜಾಪುರಿ ಜಾತಿಗೆ ಹೆಸರು ಹೆಚ್ಚು. 2018ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಲಿಕ ಮಾನ್ಯತೆಯೂ ದೊರೆಯಿತು. ಹೊಲದಿಂದ ಕಿತ್ತ ಹಸಿ ಗಡ್ಡೆಯನ್ನು ಕುದಿಸಿ, ವಾರಗಟ್ಟಲೆ ಬಿಸಿಲಲ್ಲಿ ಒಣಗಿಸಿ, ಪೀಪಾಯಿಯಲ್ಲಿ ತಿರುಗಿಸಿ ಪಾಲಿಶ್ ಮಾಡಿದ ಮೇಲೆಯೇ ಅದು ಪೇಟೆಯ ಅರಿಷಿಣ. ಹಸಿ ಗಡ್ಡೆ ತಿನ್ನದ ನಮ್ಮ ಮನೆಗಳಲ್ಲಿ ಒಣಗಿದ ಅರಿಷಿಣಕ್ಕೆ ಅಡ್ಡಿಯಿಲ್ಲದ್ದು ಏಕೆಂದು ಮಗ ಕೇಳಿದ್ದು ಇಲ್ಲಿಯೇ. ಕುದಿಸಿ ಒಣಗಿಸಿದ ಮೇಲೆ ಅದರಲ್ಲಿ ಮೊಳಕೆಯೊಡೆಯುವ ಜೀವ ಉಳಿದಿರುವದಿಲ್ಲ ಎಂದು ನನಗೆ ತಿಳಿದಷ್ಟು ಹೇಳಿದೆ. ಹಿಂದೆ ಇಂಥ ಪೇಟೆಗಳಲ್ಲಿ ಧೋತರದ ಮರೆಯಲ್ಲಿ ಕೈಬೆರಳು ಒತ್ತಿ ಭಾವ ಕುದುರಿಸುವ ರೂಢಿ ಇತ್ತು. ರೈತನಿಗೆ ಅಲ್ಲಿ ಏನು ನಡೆಯಿತೆಂದೇ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟು ಕೂಗುವ ಸವಾಲು ಬಂದದ್ದು ಮಾರುಕಟ್ಟೆ ಕಾಯದೆಗಳ ನಂತರ. ಮುಂಬಯಿ ಪ್ರಾಂತದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯದೆ 1939ರದು, ಈಗ ನಡೆದಿರುವದು 1963ರದು.

ಹೊರಗೆ ಬಂದಾಗ ತಂದೆಯವರು ಕರಿ ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡೇ ಕೈಚಾಚಿದರು. ಒಂದೊಂದು ಕೊಂಬನ್ನೂ ಕಿವಿಯ ಹತ್ತಿರ ಹಿಡಿದು ಮುರಿದರು. ಚೆನ್ನಾಗಿ ಒಣಗಿದ ಕೊಂಬು ಮುರಿದರೆ ಲೋಹ ತಾಗಿದಂಥ ಟಣ್ ಎಂಬ ಸಪ್ಪಳ ಬರುತ್ತದೆ, ಹಸಿ ಉಳಿದದ್ದು ಮೆತ್ತಗೆ ಬಾಗಿ ಮುರಿಯುತ್ತದೆ. ಮೂರನೆಯದನ್ನು ಮುರಿದು, "ಇದಕ್ಕ ಭಾವ ಹೆಚ್ಚ ಹತ್ತಿರಬೇಕು" ಎಂದರು. ಹುಡುಗನ ವಹಿಯಲ್ಲಿ ಹಾಗೆಯೇ ಇತ್ತು. ಅವನು ಅಜ್ಜನ ಮುಖವನ್ನೇ ನೋಡುತ್ತ ನಿಂತ. ಕಣ್ಣಿಲ್ಲದೆ ಸರಕು ಗುರುತಿಸುವ ವಿದ್ಯೆ ಯಾವ ಕಾಲೇಜಿನಲ್ಲಿದೆ ಎಂದು ನನಗೂ ಅನ್ನಿಸಿತು. ಆದರೆ ಆ ಮಾತನ್ನು ನಾನು ಆಡಲಿಲ್ಲ. ಆಡಿದ್ದರೆ ಅಂಗಡಿಯಲ್ಲೇ ಕೂಡ್ರಲಿ ಎಂಬ ಮೂರನೆಯ ವಾದ ಹುಟ್ಟುತ್ತಿತ್ತು.

ಬೇದಾಣೆಯ ಸೌದೆಯೂ ನೋಡತಕ್ಕದ್ದು. ನಮ್ಮ ಜತ್ತ ತಾಲೂಕಿನ ಒಣ ಹವೆ ಮಳೆಗೆ ಶಾಪವಾದರೂ ದ್ರಾಕ್ಷಿ ಒಣಗಿಸಲು ವರ. ಹಣ್ಣನ್ನು ಪೊಟ್ಯಾಶಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಆಯಿಲ್ ಕೂಡಿಸಿದ ನೀರಿನಲ್ಲಿ ಅದ್ದಿ ಜಾಳಿಗೆಯ ಶೆಡ್ಡುಗಳಲ್ಲಿ ಹರವುವದನ್ನು ನಮ್ಮ ಮಕ್ಕಳು ಊರಲ್ಲೇ ಕಂಡಿರುತ್ತಾರೆ. ಅದೇ ಬೇದಾಣೆ ಇಲ್ಲಿ ಬಣ್ಣ ಗಾತ್ರದ ಮೇಲೆ ಹೇಗೆ ಬೇರೆ ಬೇರೆ ಭಾವ ಪಡೆಯುತ್ತದೆಂದು ಕಾಣಲಿ. ದೀಪಾವಳಿಯ ಸುಮಾರಿಗೆ ಕೆಲ ವಾರ ಸೌದೆ ನಿಲ್ಲಿಸಿ, ಹಳೆಯ ಬಾಕಿಯನ್ನೆಲ್ಲ ತೀರಿಸಿ ಶೂನ್ಯಕ್ಕೆ ತಂದು ಮತ್ತೆ ಪ್ರಾರಂಭಿಸುವ ರೂಢಿ ಇಲ್ಲಿಯ ಬೇದಾಣೆ ವ್ಯಾಪಾರದಲ್ಲಿದೆ. ಇದನ್ನು ಕೇಳಿ ತಂದೆಯವರು, "ನಮ್ಮೂರಾಗೂ ವರ್ಷಕ್ಕೊಮ್ಮೆ ಹೀಂಗ ಮಾಡಿದ್ರ..." ಎಂದು ನಿಟ್ಟುಸಿರು ಬಿಟ್ಟರು. ನಮ್ಮ ಉದ್ರಿ ವಹಿ ದಪ್ಪವಾದದ್ದು. ಸೌದೆ ಯಾವ ದಿನ ಇರುವದೆಂದು ಮೊದಲೇ ನಿಮ್ಮ ಅಡತಿಯವರನ್ನು ಕೇಳಿಕೊಂಡು ಹೋಗಿರಿ. ರವಿವಾರ ಹೋದರೆ ಕದ ನೋಡಿ ಬರಬೇಕಾದೀತು.

ಮೂರನೆಯ ದಿನ ಬಿಸಿಲು ಬಹಳ. ಸಂಜೆ ವಿಷ್ಣುದಾಸ ಭಾವೆ ನಾಟ್ಯಗೃಹದ ಕಡೆ ನಡೆದುಕೊಂಡು ಹೋದೆವು. ಸಾಂಗಲಿಯನ್ನು ನಾಟ್ಯಪಂಢರಿ ಎನ್ನುತ್ತಾರೆ, ಕಾರಣ ಮರಾಠಿಯ ಮೊದಲ ನಾಟಕವೆಂದು ಪ್ರಸಿದ್ಧವಾದ 'ಸೀತಾಸ್ವಯಂವರ' ಇಲ್ಲಿಯೇ 1843ರ ನವೆಂಬರ್ 5ರಂದು ಆಡಿದ್ದು. ಇಂದಿಗೂ ಅದೇ ದಿನ ಮರಾಠಿ ರಂಗಭೂಮಿ ದಿನ. ಆದರೆ ಅದಕ್ಕೆ ಮುಂಚಿನ ಸಂಗತಿ ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಹಿಂದಿನ ವರ್ಷ ಕರ್ನಾಟಕದಿಂದ ಒಂದು ಭಾಗವತ ಮೇಳ ಸಾಂಗಲಿಗೆ ಬಂದು ಆಟ ಆಡಿತು. ಹೊನ್ನಾವರ ಹತ್ತಿರದ ಕರ್ಕಿಯ ಯಕ್ಷಗಾನ ಮೇಳ ಅದೆಂದು ಹೇಳುವದುಂಟು. ಅದನ್ನು ಕಂಡು ಮೆಚ್ಚಿದ ಚಿಂತಾಮಣರಾವ ಅಪ್ಪಾಸಾಹೇಬರು ಮರಾಠಿಯಲ್ಲೂ ಹೀಗೊಂದು ಆಟ ಕಟ್ಟಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಭಾವೆಯವರು ಕಟ್ಟಿದರು. ನಾಟ್ಯಗೃಹದ ಎದುರು ನಿಂತು ಇದನ್ನು ಹೇಳಿದಾಗ ತಂದೆಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಅಂದರ ಇವರು ನಾಟಕ ಕಲತದ್ದು ನಮ್ಮ ಆಟಾ ನೋಡಿ!" ಎಂದು ದೊಡ್ಡ ದನಿಯಲ್ಲಿ ಕನ್ನಡದಲ್ಲೇ ಅಂದರು. ಪಕ್ಕದಲ್ಲಿ ನಿಂತ ಒಬ್ಬ ಮುದುಕರು ತಿರುಗಿ ನೋಡಿ, ಕನ್ನಡದಲ್ಲೇ, "ಹೌದ್ರೀ, ಖರೇನ" ಎಂದರು. ಅಂದಿನಿಂದ ಸಾಂಗಲಿಯ ಮೇಲಿನ ಅವರ ಸಿಟ್ಟು ಸ್ವಲ್ಪ ಇಳಿಯಿತೆಂದು ಕಾಣುತ್ತದೆ. ನಾಟಕ ಯಾವುದಿದೆ ಎಂದು ಫಲಕ ನೋಡಿರಿ, ಸಂಜೆಯ ಪ್ರಯೋಗವಿದ್ದರೆ ಕುಟುಂಬಸಮೇತ ಹೋಗಬಹುದು. ನಾವು ಹೋದ ದಿನ ಇರಲಿಲ್ಲ.

ಗಣೇಶದುರ್ಗದ ಕಡೆಗೆ ಹೋದದ್ದು ನಾಲ್ಕನೆಯ ದಿನ. ಸಂಸ್ಥಾನದ ಕೋಟೆ, ಅದರೊಳಗೆ ಜೈಲು, ಸುತ್ತ ಕಂದಕ. 1943ರ ಜುಲೈ 24ರಂದು ಇಲ್ಲಿಯ ಜೈಲಿನಿಂದ ವಸಂತದಾದಾ ಪಾಟೀಲರೂ ಅವರ ಸಂಗಡಿಗರೂ ಗೋಡೆಯಿಂದ ಕಂದಕಕ್ಕೆ ಹಾರಿ ಪಾರಾದರು. ವಸಂತದಾದಾ ಗುಂಡೇಟು ತಿಂದೂ ಬದುಕಿದರು, ಮುಂದೆ ಮುಖ್ಯಮಂತ್ರಿಗಳಾದರು. ಆ ದಿನ ಪ್ರಾಣ ಬಿಟ್ಟವರಲ್ಲಿ ಅಣ್ಣಾಸಾಹೇಬ ಪತ್ರಾವಳೆ ಎಂಬ ಜೈನ ತರುಣನೂ ಒಬ್ಬ. ವಸಂತದಾದಾರ ಹೆಸರು ಮಾರ್ಕೆಟ್ ಯಾರ್ಡಿನಿಂದ ಹಿಡಿದು ಎಲ್ಲೆಡೆ ಇದೆ. ಪತ್ರಾವಳೆಯ ಹೆಸರನ್ನು ನಮ್ಮ ಮಕ್ಕಳಿಗೆ ನಾವಾದರೂ ಹೇಳಬೇಕಲ್ಲ.

ಅಂದೇ ಬೋರ್ಡಿಂಗಿನ ವಿಚಾರವನ್ನೂ ಮಾಡಿದೆವು. ಸಾಂಗಲಿ ದಕ್ಷಿಣ ಭಾರತ ಜೈನ ಸಭೆಯ ಊರು. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಎಂಬ ಹೆಸರಿನಿಂದ ಅದು ಹುಟ್ಟಿದಾಗ ಅಣ್ಣಾಸಾಹೇಬ ಲಠ್ಠೆಯವರಂಥವರಿಗಿದ್ದ ಚಿಂತೆ ಇದೇ ಆಗಿತ್ತು: ಹಳ್ಳಿಯ ಹುಡುಗ ಪಟ್ಟಣಕ್ಕೆ ಓದಲು ಬಂದರೆ ಎಲ್ಲಿ ಉಳಿಯಬೇಕು, ಏನು ಉಣ್ಣಬೇಕು? ಕೊಲ್ಲಾಪುರ, ಸಾಂಗಲಿ, ಬೆಳಗಾವಿಗಳಲ್ಲಿ ಬೋರ್ಡಿಂಗುಗಳಾದದ್ದು ಆ ಚಿಂತೆಯಿಂದ. ನಾವು ಒಂದು ಬೋರ್ಡಿಂಗಿಗೆ ಹೋಗಿ ವ್ಯವಸ್ಥೆ ವಿಚಾರಿಸುತ್ತಿರುವಾಗ ಮಗ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹುಡುಗನೊಬ್ಬನ ಕೂಡ ಮಾತಾಡುತ್ತ ನಿಂತಿದ್ದ. ಆ ಹುಡುಗನೂ ಜತ್ತ ಕಡೆಯವನೇ. ಮೊದಲ ಮೂರು ತಿಂಗಳು ಪಾಠ ಏನೂ ತಿಳಿಯಲಿಲ್ಲ, ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡು ರಾತ್ರಿ ಗೆಳೆಯರ ಹತ್ತಿರ ಮರಾಠಿ ಶಬ್ದ ಕೇಳಿಕೊಳ್ಳುತ್ತಿದ್ದೆ, ಆಮೇಲೆ ಸರಿಯಾಯಿತು ಎಂದನಂತೆ. ಇಬ್ಬರು ಹಿರಿಯರು ಆರು ತಿಂಗಳು ವಾದಿಸಿ ಹೇಳಲಾಗದ್ದನ್ನು ಅವನು ಎರಡು ಮಾತಿನಲ್ಲಿ ಹೇಳಿದ್ದ. ಪ್ರವೇಶದ ವಿಚಾರಕ್ಕೆ ಹೋಗುವ ತಂದೆತಾಯಿಗಳು ವ್ಯವಸ್ಥಾಪಕರನ್ನು ಕೇಳುವ ಮುಂಚೆ ಅಲ್ಲಿರುವ ಹುಡುಗರನ್ನು ಕೇಳಿರಿ. ಮಕ್ಕಳನ್ನೇ ಕೇಳಲು ಬಿಟ್ಟರೆ ಇನ್ನೂ ಒಳ್ಳೆಯದು.

ಹರಿಪುರ ಸಾಂಗಲಿಗೆ ಹತ್ತಿದಂತೆಯೇ ಇದೆ. ಕೃಷ್ಣೆ ವಾರಣೆಯರ ಸಂಗಮ, ಸಂಗಮೇಶ್ವರ ಗುಡಿ. ನೋಡಬೇಕಾದದ್ದು ಅಲ್ಲಿಯ ಹಗೆವುಗಳ ಕಥೆ. ನೆಲದೊಳಗೆ ಆಳವಾಗಿ ತೋಡಿ, ಹುಲ್ಲು ಎಲೆ ಹಾಸಿ, ಅರಿಷಿಣ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ್ದರಿಂದ ಹುಳ ಹತ್ತುತ್ತಿರಲಿಲ್ಲ, ಬಣ್ಣ ಮಾಸುತ್ತಿರಲಿಲ್ಲ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗೆ ಉಸಿರಾಡುವ ಗಾಳಿಯೇ ಇರುವದಿಲ್ಲ. ದೀಪ ಇಳಿಸಿ ಆರದೆ ಉಳಿದರೆ ಮಾತ್ರ ಮನುಷ್ಯ ಇಳಿಯಬೇಕು. ನಮ್ಮ ಜೋಳದ ಹಗೆವಿನದೂ ಇದೇ ಪದ್ಧತಿ. 2005ರ ಮಹಾಪೂರದಲ್ಲಿ ನೀರು ಹೊಕ್ಕು ಅನೇಕ ಹಗೆವುಗಳು ಹಾಳಾದವು, ಈಗ ಗೋದಾಮುಗಳ ಕಾಲ. 'ಶಾರದಾ' ನಾಟಕ ಬರೆದ ಗೋವಿಂದ ಬಲ್ಲಾಳ ದೇವಲರ ಊರೂ ಇದೇ. ಮುದುಕನಿಗೆ ಎಳೆಯ ಹುಡುಗಿಯನ್ನು ಹಣಕ್ಕಾಗಿ ಕಟ್ಟುವ ರೂಢಿಯನ್ನು 1899ರಲ್ಲೇ ರಂಗದ ಮೇಲೆ ತಂದವರು ಅವರು.

ಒಂದು ದಿನ ಮಿರಜಕ್ಕೆ ಕೊಡಿರಿ, ಆದರೆ ದವಾಖಾನೆಗಲ್ಲ. ಸತಾರಮೇಕರ ಗಲ್ಲಿಯಲ್ಲಿ ಒಣಗಿದ ಸೋರೆಬುರುಡೆಗಳು ಸಾಲಾಗಿ ನೇತಾಡುತ್ತಿರುತ್ತವೆ. ಪಂಢರಪುರದ ಕಡೆಯಿಂದ ತಂದ ಈ ಬುರುಡೆಗಳೇ ಸತಾರು ತಂಬೂರಿಗಳ ಹೊಟ್ಟೆ. ಹಿಂದೆ ಆಯುಧ ಮಾಡುತ್ತಿದ್ದ ಮನೆತನಗಳು ಸುಮಾರು 1850ರಿಂದ ಈ ಕೆಲಸಕ್ಕೆ ತಿರುಗಿದವು. 2024ರಲ್ಲಿ ಮಿರಜದ ಸತಾರು ತಂಬೂರಿಗಳಿಗೂ ಭೌಗೋಲಿಕ ಮಾನ್ಯತೆ ಬಂದಿದೆ. ಕತ್ತಿಯಿಂದ ತಂತಿಗೆ ಬಂದವರು ಎಂದು ನಾನು ಮಗನಿಗೆ ಹೇಳಿದೆ, ಅವನು ನಕ್ಕ.

ಕೊನೆಯ ಸಂಜೆಯನ್ನು ಆಯರ್ವಿನ್ ಸೇತುವೆಗೆ ಇಟ್ಟುಕೊಂಡಿದ್ದೆವು. 1929ರಲ್ಲಿ ತೆರೆದ ಕಲ್ಲಿನ ಕಮಾನು ಸೇತುವೆ, ಆಚೆ ಸಾಂಗಲವಾಡಿ. ಪೂರ ಬಂದಾಗ ಇಡೀ ಜಿಲ್ಲೆ ಕೇಳುವದು ಒಂದೇ ಪ್ರಶ್ನೆ: ಆಯರ್ವಿನ್ ಹತ್ತಿರ ಎಷ್ಟು ಅಡಿ? 45 ಅಡಿ ಅಪಾಯದ ಮಟ್ಟ. 2019ರಲ್ಲಿ ನೀರು 57 ಅಡಿ ದಾಟಿತ್ತು. ಆ ವಾರ ಇಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸುತ್ತಿದ್ದರೆ ಅದೇ ಜಿಲ್ಲೆಯ ನಮ್ಮ ಜತ್ತ ತಾಲೂಕಿನಲ್ಲಿ ಜನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದರು. ಕೆಳಗಡೆ ಮ್ಹೈಸಾಳದಿಂದ ಈ ನೀರನ್ನೇ ಹಂತಹಂತವಾಗಿ ಎತ್ತಿ ಕವಠೆ ಮಹಾಂಕಾಳ, ಜತ್ತಗಳತ್ತ ಒಯ್ಯುವ ಯೋಜನೆ ಇದೆ, ತಾಲೂಕಿನ ಪೂರ್ವದ ಊರುಗಳಿಗಾಗಿ ಅದರ ವಿಸ್ತಾರದ ಕೆಲಸವನ್ನೂ ಕೈಗೆತ್ತಿಕೊಂಡಿದ್ದಾರೆ. ನಮ್ಮ ಊರಿನ ಮಕ್ಕಳು ಕಾಲುವೆಯ ಸುದ್ದಿಯನ್ನು ದಿನವೂ ಕೇಳುತ್ತಾರೆ. ನದಿಯನ್ನು ಕಂಡಿರುವದಿಲ್ಲ.

ತಂದೆಯವರು ಕಠಡೆಯ ಹತ್ತಿರ ನಿಂತು ಕರಿ ಕನ್ನಡಕ ತೆಗೆದರು. ನಾನು ಬೇಡವೆನ್ನುವಷ್ಟರಲ್ಲಿ ಕೈಯೆತ್ತಿ ಸುಮ್ಮನಿರಿಸಿದರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೀರಿನ ಮಟ್ಟ ತೋರಿಸುವ ಅಂಕಿಗಳನ್ನು ಹುಡುಕಿ ಮೇಲಿನಿಂದ ಒಂದೊಂದಾಗಿ ಓದತೊಡಗಿದರು. ಮಗ ಪಕ್ಕದಲ್ಲಿ ನಿಂತು ಪ್ರತಿಯೊಂದಕ್ಕೂ ಹೌದು, ಹೌದು ಎನ್ನುತ್ತಿದ್ದ. ಕೆಳಗಿನ ಅಂಕಿಗಳು ಸಂಜೆಯ ಕತ್ತಲಲ್ಲಿ ನನಗೇ ಕಾಣುತ್ತಿರಲಿಲ್ಲ.

ಎಂಟನೆಯ ದಿನ ಕಣ್ಣು ಸರಿಯಾಗಿದೆ ಎಂದು ಡಾಕ್ಟರರು ಹೇಳಿದರು. ಬಸ್ಸಿನಲ್ಲಿ ಕವಠೆ ಮಹಾಂಕಾಳ ದಾಟುವವರೆಗೆ ಮೂವರೂ ಮಾತಾಡಲಿಲ್ಲ. ಆಮೇಲೆ ಮಗ, ಯಾರನ್ನೂ ನೋಡದೆ, "ಬೋರ್ಡಿಂಗಿನ್ಯಾಗ ಸಂಜೀಮುಂದ ಹೊತ್ತ ಮುಳುಗೂದರೊಳಗ ಊಟಾ ಹಾಕ್ತಾರಂತ" ಎಂದ. ತಂದೆಯವರು ಕಿಟಕಿಯ ಹೊರಗೆ ನೋಡುತ್ತ, "ಹಾಸಗಿ ಮನಿಯಿಂದನ ಒಯ್ಯಬೇಕೇನು, ಕೇಳಿದಿ?" ಎಂದರು.

ಜೂನ್ ತಿಂಗಳಲ್ಲಿ ಹಾಸಿಗೆಯ ಸುರುಳಿಯನ್ನು ಸಾಂಗಲಿಗೆ ಹೊತ್ತು ಬಂದವರು ಅವರೇ. ಭಾರ ಎತ್ತಬಾರದೆಂಬ ಅವಧಿ ಆಗ ಮುಗಿದಿತ್ತು.